ಹೋಂವರ್ಕ್ ಯಾರದ್ದು, ಮಗನದ್ದಾ ನನ್ನದ್ದಾ?

ನಾಲ್ಕನೇ ಕ್ಲಾಸಿನ ಅಮ್ಮ, ಕುವೆಂಪುನಗರ:

ಓದಿ ಸುಮ್ನೆ ಹೋಗಬೇಡಿ, ಯಾರಾದ್ರೂ ಒಂದು ದಾರಿ ಹೇಳಿ. ಮಗ ನಾಲ್ಕನೇ ಕ್ಲಾಸ್, ಇಂಗ್ಲಿಷ್ ಮೀಡಿಯಂ. ಸಂಜೆ ನಾಲ್ಕೂವರೆಗೆ ವ್ಯಾನ್ ಇಳಿಯುತ್ತಾನೆ. ಐದಕ್ಕೆ ಪುಸ್ತಕ ತೆಗಿ ಅನ್ನುತ್ತೇನೆ. ಅಲ್ಲಿಂದ ರಾತ್ರಿ ಒಂಬತ್ತೂವರೆವರೆಗೆ ಕುರುಕ್ಷೇತ್ರ. ಪೆನ್ಸಿಲ್ ಮೊಂಡಾಗುತ್ತದೆ, ಬಾಯಾರುತ್ತದೆ, ರಬ್ಬರ್ ಮಂಚದ ಕೆಳಗೆ ಹೋಗುತ್ತದೆ, ಅದನ್ನು ತೆಗೆಯಲು ಹೋದವನು ಅಲ್ಲೇ ಮಲಗಿ ಆಟ ಶುರು ಮಾಡುತ್ತಾನೆ.

ನಿನ್ನೆ ಇವಿಎಸ್‌ನಲ್ಲಿ, ಅಂದ್ರೆ ಪರಿಸರ ಅಧ್ಯಯನದಲ್ಲಿ, ಆರು ಪ್ರಶ್ನೆ. ನಾಲ್ಕಕ್ಕೆ ನಾನು ಹೇಳಿದ್ದನ್ನೇ ಬರೆದ. ಆಗಲೇ ಒಂಬತ್ತು ದಾಟಿತ್ತು, ಅವನಿಗೆ ಕಣ್ಣು ಎಳೆಯುತ್ತಿತ್ತು. ಉಳಿದ ಎರಡನ್ನು ನಾನೇ ಬರೆದೆ, ಅವನ ಅಕ್ಷರದ ಹಾಗೇ ಸ್ವಲ್ಪ ಸೊಟ್ಟಗೆ. ಇವತ್ತು ನೋಟ್‌ಬುಕ್ಕಿನಲ್ಲಿ ಸ್ಟಾರ್ ಬಂದಿದೆ. ಸ್ಟಾರ್ ಬಂದದ್ದು ನನಗೆ! ಮೊದಲು ನಗು ಬಂತು, ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಯಜಮಾನರಿಗೆ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ, ಅವರನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಅತ್ತೆಯದು ಬೇರೆ ದಿನಾ ಒಂದೇ ಮಾತು, "ನನ್ನ ಮಗನನ್ನು ನಾನು ಒಂದು ದಿನವೂ ಕೂರಿಸಿ ಬರೆಸಲಿಲ್ಲ, ಓದಲಿಲ್ವಾ ಅವನು?" ಟ್ಯೂಷನ್‌ಗೆ ಹಾಕಿಬಿಡಲಾ? ಪಕ್ಕದ ರಸ್ತೆಯಲ್ಲೇ ಇದೆ, ತಿಂಗಳಿಗೆ ಒಂದೂವರೆ ಸಾವಿರ. ದುಡ್ಡಿನ ಯೋಚನೆ ಆಮೇಲೆ. ನನಗೆ ಬೇಜಾರು ಏನು ಅಂದ್ರೆ, ಅವನ ಜೊತೆ ನಾನು ಆಡುವ ಮಾತೆಲ್ಲ 'ಬರೆದ್ಯಾ, ಮುಗೀತಾ, ತೋರಿಸು', ಇಷ್ಟೇ ಆಗಿಹೋಗಿದೆ.

ಎರಡು ಮಕ್ಕಳ ತಾಯಿ, ಶ್ರೀರಂಗಪಟ್ಟಣ:

ಅಕ್ಕ, ಬಾತ್‌ರೂಮಿನಲ್ಲಿ ಅಳುವವರ ಸಂಘಕ್ಕೆ ನಾನು ಹಳೇ ಮೆಂಬರ್.

ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಲ್ಕೂವರೆಗೆ ಬಂದ ಮಗುವನ್ನು ಐದಕ್ಕೆ ಕೂರಿಸಿದರೆ ಅದು ಆಡುವುದು ಯಾವಾಗ? ನಾನೂ ಹಾಗೇ ಮಾಡ್ತಿದ್ದೆ. ಬೆಳಗ್ಗೆಯಿಂದ ಬೆಂಚಿನ ಮೇಲೆ ಕೂತು ಬಂದವರನ್ನು ಮತ್ತೆ ಕೂರಿಸುವುದು. ಈಗ ಬಂದ ತಕ್ಷಣ ಏನಾದ್ರೂ ತಿನ್ನಲು ಕೊಟ್ಟು ಬೀದಿಗೆ ಬಿಡ್ತೀನಿ. ಬೀದಿ ದೀಪ ಹತ್ತಿದಾಗ ಒಳಗೆ ಬರಬೇಕು, ಕೈಕಾಲು ತೊಳೆದು ಕೂರಬೇಕು. ಇದಿಷ್ಟೇ ಕಾನೂನು. ಮೊದಲ ವಾರ ಕಿರಿಕಿರಿ ಆಯ್ತು, ಆಮೇಲೆ ಅವರೇ ಬರ್ತಾರೆ.

ಇನ್ನೊಂದು, ನಾನು ಪಕ್ಕದಲ್ಲಿ ಕೂತು ಪುಸ್ತಕವನ್ನೇ ನೋಡ್ತಾ ಇರಲ್ಲ. ಅಡುಗೆಮನೆ ಬಾಗಿಲಲ್ಲಿ ಅವರು, ಒಳಗೆ ನಾನು. ಅವರೆಕಾಯಿ ಕಾಲದಲ್ಲಿ ನನ್ನದು ಅವರೆ ಹಿತುಕುವ ಕೆಲಸ, ಅವರದು ಜೋರಾಗಿ ಓದುವ ಕೆಲಸ. ನನ್ನ ಕೈ ಖಾಲಿ ಇಲ್ಲ ಅಂತ ಅವರಿಗೆ ಗೊತ್ತು, ಹಾಗಾಗಿ 'ಅಮ್ಮ ನೀನೇ ಬರಿ' ಅನ್ನಲ್ಲ. ಫೋನ್ ಮಾತ್ರ ನನ್ನ ಕೈಯಲ್ಲೂ ಇರಬಾರದು. ಅದೊಂದು ನನಗೂ ಕಷ್ಟವೇ.

ಬೋಗಾದಿ ಅಪ್ಪ:

ಇಷ್ಟೆಲ್ಲ ತಲೆ ಕೆಡಿಸ್ಕೋಬೇಡಿ ಮೇಡಂ. ಟ್ಯೂಷನ್‌ಗೆ ಹಾಕಿ, ಆರಾಮಾಗಿರಿ. ನನ್ನ ಮಗಳನ್ನು ಒಂದನೇ ಕ್ಲಾಸಿನಿಂದ ಹಾಕಿದ್ದೀನಿ. ನಾವೆಲ್ಲ ಬೆತ್ತದ ರುಚಿ ನೋಡಿಯೇ ಮಗ್ಗಿ ಕಲಿತದ್ದು, ಈಗಿನವರು ಮಕ್ಕಳಿಗೆ ಹೆದರಿಕೊಂಡು ಬದುಕ್ತಾರೆ. ಸ್ವಲ್ಪ ಭಯ ಇರಬೇಕು.

ನಿವೃತ್ತ ಮೇಷ್ಟ್ರು, ಮಳವಳ್ಳಿ:

ಬೆತ್ತದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನಾನೂ ಹೊಡೆದಿದ್ದೇನೆ, ಸುಳ್ಳು ಹೇಳುವುದಿಲ್ಲ. ಹದಿನೇಳರ ಮಗ್ಗಿ ತಪ್ಪಿದ ಅಂತ ಹೊಡೆದ ಹುಡುಗ ಮರುದಿನ ಮಗ್ಗಿ ಕಲಿತು ಬರಲಿಲ್ಲ, ಶಾಲೆಗೇ ಬರಲಿಲ್ಲ. ಅದು ಇನ್ನೂ ಚುಚ್ಚುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಶಾಲೆಯಲ್ಲಿ ಬೇಡ ಅಂದದ್ದು ಮನೆಯಲ್ಲಿ ಯಾಕೆ ಬೇಕು?

ಈಗ ತಾಯಿ, ನಿಮ್ಮ ವಿಷಯ. ನಾಲ್ಕು ಗಂಟೆ ಹೋಂವರ್ಕ್ ಅನ್ನುವುದೇ ತಪ್ಪು. ಕೇಂದ್ರ ಸರ್ಕಾರ 2020ರಲ್ಲಿ ಶಾಲಾ ಬ್ಯಾಗ್ ನೀತಿ ಅಂತ ಒಂದು ತಂದಿತು. ಬ್ಯಾಗಿನ ತೂಕ ಮಗುವಿನ ತೂಕದ ನೂರಕ್ಕೆ 10 ಭಾಗ ಮೀರಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಅದರಲ್ಲೇ ಹೋಂವರ್ಕಿನ ಲೆಕ್ಕವೂ ಇದೆ, ಅದನ್ನು ಯಾರೂ ಓದುವುದಿಲ್ಲ. ಎರಡನೇ ತರಗತಿವರೆಗೆ ಹೋಂವರ್ಕೇ ಬೇಡ. 3ರಿಂದ 5ನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, ದಿನಕ್ಕಲ್ಲ, ವಾರಕ್ಕೆ. 6ರಿಂದ 8ಕ್ಕೆ ದಿನಕ್ಕೆ 1 ಗಂಟೆ, ಅಲ್ಲಿಂದ ಮೇಲೆ 2 ಗಂಟೆ. ಶಾಲೆಗಳು ಪಾಲಿಸುತ್ತವೆಯಾ ಅಂತ ಕೇಳಬೇಡಿ. ಆದರೆ ಪೇರೆಂಟ್ಸ್ ಮೀಟಿಂಗಿನಲ್ಲಿ ಈ ಮಾತು ಎತ್ತಲು ನಿಮಗೆ ಹಕ್ಕಿದೆ.

ಆ ಸ್ಟಾರಿನ ಕತೆ ಓದಿ ನನಗೂ ನಗು ಬಂತು. ಆದರೆ ಮೇಷ್ಟರ ಕಡೆಯಿಂದ ಸ್ವಲ್ಪ ನೋಡಿ. ನಲವತ್ತು ನೋಟ್‌ಬುಕ್ ಮುಂದೆ ಇಟ್ಟುಕೊಂಡು ಕೂರುತ್ತಿದ್ದೆ. ಭಾಗಾಕಾರದಲ್ಲಿ ಶೇಷ ಬಂದ ಕಡೆ ಹದಿನೈದು ಮಕ್ಕಳು ಎಡವಿದ್ದಾರೆ ಅಂತ ಕಂಡರೆ, ನಾಳೆ ಅದನ್ನು ಮತ್ತೆ ಹೇಳಿಕೊಡಬೇಕು ಅಂತ ಗೊತ್ತಾಗುತ್ತಿತ್ತು. ಮನೆಯಲ್ಲಿ ನೀವೆಲ್ಲ ತಿದ್ದಿ ತೀಡಿ ಕಳಿಸಿದರೆ ಮೇಷ್ಟರಿಗೆ ಗೊತ್ತಾಗುವುದು ಒಂದೇ, ತಾಯಿಗೆ ಭಾಗಾಕಾರ ಬರುತ್ತದೆ ಅಂತ. ಮಗುವಿನ ತಪ್ಪು ಮಗುವಿನ ಪುಸ್ತಕದಲ್ಲೇ ಶಾಲೆಗೆ ಹೋಗಲಿ ತಾಯಿ. ಅದನ್ನು ಮನೆಯಲ್ಲೇ ಅಳಿಸಿಬಿಟ್ಟರೆ ಹೋಂವರ್ಕ್ ಕೊಟ್ಟು ಏನು ಬಂತು?

ನಾಲ್ಕನೇ ಕ್ಲಾಸಿನ ಅಮ್ಮ, ಕುವೆಂಪುನಗರ:

ಮೇಷ್ಟ್ರೇ, ನಿಮ್ಮಂಥವರು ಇದ್ದರೆ ಸರಿ. ಇಲ್ಲಿ ತಪ್ಪು ಹೋದರೆ ಕೆಂಪು ಇಂಕಿನಲ್ಲಿ 'ಇನ್‌ಕಂಪ್ಲೀಟ್', ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ 'ಕೈಂಡ್ಲಿ ಗಮನ ಕೊಡಿ ಪೇರೆಂಟ್ಸ್' ಅಂತ ಮೆಸೇಜು. ಯಾರ ಹೆಸರೂ ಹಾಕಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತೆ ಯಾರಿಗೆ ಅಂತ. ನಾವು ಸರಿಯಾಗಿ ನೋಡ್ಕೊಳ್ತಿಲ್ಲ ಅನ್ನೋ ಹಾಗೆ ಆಗುತ್ತೆ.

ನಿವೃತ್ತ ಮೇಷ್ಟ್ರು, ಮಳವಳ್ಳಿ:

ಆಗುತ್ತದೆ, ಒಪ್ಪುತ್ತೇನೆ. ಅದಕ್ಕೇ ಡೈರಿ ಇರುವುದು. ನೀವೇ ಮೊದಲು ಬರೆದುಬಿಡಿ. "ನಲವತ್ತು ನಿಮಿಷ ಕೂತಿದ್ದಾನೆ. ಐದು ಲೆಕ್ಕದಲ್ಲಿ ಮೂರು ತಾನೇ ಮಾಡಿದ. ಶೇಷ ಬರುವ ಲೆಕ್ಕ ತಿಳಿಯಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿಕೊಡಿ." ಸಹಿ ಹಾಕಿ. ಇಷ್ಟು ಬರೆದ ತಾಯಿಯನ್ನು ಗಮನ ಕೊಡುವುದಿಲ್ಲ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಕಬ್ಬಿನ ಗದ್ದೆ, ಪಾಂಡವಪುರ:

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ. ಮಗಳು ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸ್. ನನಗೆ ಅವಳ ಪಾಠ ಹೇಳಿಕೊಡಲು ಬರಲ್ಲ. ಅದಕ್ಕೇ ನಾನು ಹೇಳಿಕೊಡಲ್ಲ, ಕೇಳ್ತೀನಿ.

ನಮ್ಮ ಕಡೆ ಪೇಪರ್ ಬಂದ ತಕ್ಷಣ ಮೊದಲು ನೋಡುವುದು ಕೆಆರ್‌ಎಸ್ ಮಟ್ಟ. ಗರಿಷ್ಠ 124.80 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅದನ್ನು ಓದುವ ಕೆಲಸ ಮಗಳಿಗೆ ಕೊಟ್ಟಿದ್ದೀನಿ, ಐದನೇ ಕ್ಲಾಸಿನಿಂದ. ಮೊದಲು ತುಂಬಲು ಎಷ್ಟು ಅಡಿ ಬಾಕಿ ಅಂತ ಕಳೆಯುವ ಲೆಕ್ಕ. ದಶಮಾಂಶ ಅಂದ್ರೆ ಏನು ಅಂತ ಅವಳಿಗೆ ಅಲ್ಲೇ ಕೂತಿತು. 118.6 ದೊಡ್ಡದಾ 118.45 ದೊಡ್ಡದಾ ಅಂತ ಕೇಳಿದರೆ ಮೊದಮೊದಲು 45 ದೊಡ್ಡದು ಅಂತಿದ್ದಳು. ನಾನು ತಪ್ಪು ಅನ್ನಲಿಲ್ಲ. 'ಹಂಗಾದ್ರೆ ನಿನ್ನೆಗಿಂತ ನೀರು ಏರೈತೋ ಇಳಿದೈತೋ, ನಾಲೆಗೆ ಬಿಡ್ತಾರೋ ಇಲ್ವೋ' ಅಂದೆ. ಎರಡು ದಿನ ಪೇಪರ್ ನೋಡಿ ತಾನೇ ತಿದ್ದಿಕೊಂಡಳು.

ಈಗ ಟಿಎಂಸಿ ಲೆಕ್ಕಕ್ಕೆ ಬಂದಿದ್ದಾಳೆ. ಒಂದು ಟಿಎಂಸಿ ಅಂದ್ರೆ 100 ಕೋಟಿ ಘನ ಅಡಿ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡ್. ಗುಣಿಸಿ ನೋಡಿದರೆ ಸುಮಾರು 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಇದನ್ನು ಅವಳೇ ಮಾಡಿ ತೋರಿಸಿದಳು. ಚಳವಳಿಗೆ ಹೋಗಿ ರಸ್ತೆ ಮೇಲೆ ಕೂತು ಬಂದ ನನಗೇ ಈ ಲೆಕ್ಕ ಗೊತ್ತಿರಲಿಲ್ಲ, ನಿಜ ಹೇಳ್ತೀನಿ.

ಆಮೇಲೆ ಒಂದು ದಿನ ಕೇಳಿದಳು, 'ಅಪ್ಪ, ಡ್ಯಾಂ ಬರಿದಾಗಿದ್ದಾಗ ಬೇಗ ಬೇಗ ಅಡಿ ಏರುತ್ತೆ, ತುಂಬುವ ಹೊತ್ತಿಗೆ ಒಂದೊಂದು ಅಡಿಗೂ ದಿನ ಹಿಡಿಯುತ್ತೆ, ಯಾಕೆ?' ನನಗೆ ಗೊತ್ತಿಲ್ಲ ಅಂದೆ. ಇಬ್ಬರೂ ಬಾಣಲೆ ಇಟ್ಟುಕೊಂಡು ಲೋಟದಲ್ಲಿ ನೀರು ಹುಯ್ದೆವು. ತಳದಲ್ಲಿ ಒಂದು ಲೋಟಕ್ಕೆ ಒಂದು ಬೆರಳು ಏರಿತು. ಮೇಲೆ ಬಂದಂತೆ ಮೂರು ಲೋಟ ಹುಯ್ದರೂ ಬೆರಳು ಏರಲಿಲ್ಲ. ಬಾಯಿ ಅಗಲ ಅಲ್ವಾ. ಅವಳಮ್ಮ ಬಂದು ಬಾಣಲೆ ಕಿತ್ಕೊಂಡು ಹೋದಳು, ಅದು ಬೇರೆ ಮಾತು.

ಲೆಕ್ಕದ ಭಯ, ಸರಸ್ವತಿಪುರಂ:

ಪಾಂಡವಪುರದ ಅಣ್ಣ, ನಿಮ್ಮ ಹತ್ತಿರ ನನ್ನ ಮಗನನ್ನೂ ಕಳಿಸಲಾ?

ನಾನು ಎಂ.ಎ. ಮಾಡಿದ್ದೀನಿ, ಆದರೆ ಲೆಕ್ಕ ಅಂದ್ರೆ ಇವತ್ತಿಗೂ ಹೊಟ್ಟೆಯೊಳಗೆ ಸಂಕಟ. ಮಗನ ಲೆಕ್ಕದ ಪುಸ್ತಕ ತೆಗೆದಾಗಲೆಲ್ಲ ನನ್ನ ದನಿ ಏರುತ್ತದೆ, ಅದು ಅವನ ಮೇಲಿನ ಸಿಟ್ಟಲ್ಲ, ನನ್ನ ಹೆದರಿಕೆ. ಇದರ ಮೇಲೆ ಒಂದು ಅಧ್ಯಯನ ಇದೆ. 2015ರಲ್ಲಿ ಬಂದದ್ದು, ಅಮೆರಿಕದ್ದು, ಒಂದನೇ ಮತ್ತು ಎರಡನೇ ತರಗತಿ ಮಕ್ಕಳದ್ದು. ಲೆಕ್ಕದ ಭಯ ಇರುವ ಅಪ್ಪ ಅಮ್ಮ ಹೋಂವರ್ಕಿಗೆ ಜಾಸ್ತಿ ಜಾಸ್ತಿ ಸಹಾಯ ಮಾಡಿದ ಮನೆಗಳಲ್ಲಿ ಮಕ್ಕಳು ಆ ವರ್ಷ ಕಲಿತ ಲೆಕ್ಕ ಕಮ್ಮಿ, ಮಕ್ಕಳಿಗೂ ಭಯ ಜಾಸ್ತಿ. ಭಯ ಇದ್ದೂ ಅಷ್ಟಾಗಿ ಕೈ ಹಾಕದ ಮನೆಗಳಲ್ಲಿ ಹಾಗಾಗಲಿಲ್ಲ. ಓದಿ ನಾನು ಸುಮ್ಮನಾದೆ. ಈಗ ಲೆಕ್ಕ ಅವರಪ್ಪನಿಗೆ, ಕನ್ನಡ ಮತ್ತು ಸಮಾಜ ನನಗೆ. ಅವರಪ್ಪ ಇಲ್ಲದ ದಿನ ಲೆಕ್ಕ ಹಾಗೇ ಹೋಗುತ್ತದೆ. ಒಂದು ಮಾತು ಮಾತ್ರ ಮಗನ ಮುಂದೆ ಬಿಟ್ಟಿದ್ದೀನಿ, 'ನನಗೂ ಲೆಕ್ಕ ಬರ್ತಿರಲಿಲ್ಲ ಕಣೋ' ಅನ್ನೋದು. ಸಮಾಧಾನಕ್ಕೆ ಹೇಳ್ತಿದ್ದೆ, ಅವನು ಅದನ್ನೇ ನೆಪ ಮಾಡ್ಕೊಂಡಿದ್ದ.

ಬೋಗಾದಿ ಅಪ್ಪ:

ಮೇಷ್ಟ್ರೇ, ಬೆತ್ತದ ಮಾತು ವಾಪಸ್ ತಗೊಂಡೆ. ಆದರೆ ಟ್ಯೂಷನ್ ಬಗ್ಗೆ ಹೇಳಿ. ನಾವಿಬ್ಬರೂ ಮನೆಗೆ ಬರುವುದೇ ಏಳೂವರೆ. ಮಗಳ ಕ್ಲಾಸಿನ ಟೀಚರೇ ತಮ್ಮ ಮನೆಗೆ ಟ್ಯೂಷನ್‌ಗೆ ಕಳಿಸಿ ಅಂತ ಎರಡು ಸಲ ಹೇಳಿದ್ದಾರೆ. ಕಳಿಸದಿದ್ದರೆ ಮಾರ್ಕ್ಸ್ ಕಮ್ಮಿ ಮಾಡ್ತಾರೋ ಏನೋ ಅಂತ ಕಳಿಸ್ತಿದ್ದೀನಿ.

ನಿವೃತ್ತ ಮೇಷ್ಟ್ರು, ಮಳವಳ್ಳಿ:

ಅದೇ ಕಾಯ್ದೆಯ 28ನೇ ಸೆಕ್ಷನ್ ಓದಿ. ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವ ಹಾಗಿಲ್ಲ ಅಂತ ನೇರವಾಗಿಯೇ ಇದೆ. ಮುಖ್ಯ ಶಿಕ್ಷಕರ ಹತ್ತಿರ ಮೆಲ್ಲಗೆ ಮಾತಾಡಿ, ಮಗಳ ಹೆಸರು ಮುಂದೆ ಮಾಡಬೇಡಿ.

ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಮಗು ಒಂದು ಕಡೆ ಕ್ಷೇಮವಾಗಿ ಕೂತಿರಲಿ ಅಂತ ಟ್ಯೂಷನ್‌ಗೆ ಕಳಿಸಿದರೆ ಅದನ್ನು ತಪ್ಪು ಅನ್ನಲಾರೆ. ಆದರೆ ಬಂದ ಮೇಲೆ ಹತ್ತು ನಿಮಿಷ ನಿಮ್ಮದು. ಓದಿಸಬೇಡಿ. 'ಇವತ್ತು ಏನು ಮಜಾ ಆಯ್ತು, ಯಾವುದು ತಲೆಗೆ ಹೋಗಲಿಲ್ಲ' ಅಂತ ಕೇಳಿ. ಮಗು ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ, ಅಪ್ಪಂದಿರಿಗೆ ಇದೇ ಕಷ್ಟ.

ಹಾಸ್ಟೆಲ್ ಹುಡುಗಿ, ಮಾನಸಗಂಗೋತ್ರಿ:

ನಾನು ಅಮ್ಮ ಅಲ್ಲ, ಆದರೆ ತಮ್ಮ ಈ ವರ್ಷ ಎಸ್ಸೆಸ್ಸೆಲ್ಸಿ. ಊರು ನಾಗಮಂಗಲ ತಾಲ್ಲೂಕು, ನಾನು ಓದಿಸುವುದು ಫೋನಿನಲ್ಲಿ. ಅವನು ಒಂದೇ ಪಾಠವನ್ನು ಐದು ಸಲ ಓದ್ತಾನೆ, ಹಳದಿ ಗೆರೆ ಎಳೀತಾನೆ, ಪರೀಕ್ಷೆಯಲ್ಲಿ ಮರೀತಾನೆ. ಅಮ್ಮನಿಗೆ ಅವನು ಕೂತಿರುವುದು ಕಾಣುತ್ತೆ, 'ಪಾಪ ಎಷ್ಟು ಓದುತ್ತೆ ಮಗು' ಅಂತಾರೆ.

ನಮಗೆ ಸೈಕಾಲಜಿಯಲ್ಲಿ ಒಂದು ಪ್ರಯೋಗ ಪಾಠಕ್ಕಿತ್ತು. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವವರು 2006ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಒಂದು ಗುಂಪಿಗೆ ಮತ್ತೆ ಓದಿ ಅಂದರು, ಇನ್ನೊಂದು ಗುಂಪಿಗೆ ನೋಡದೆ ನೆನಪಿಸಿಕೊಂಡು ಬರೆಯಿರಿ ಅಂದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದೆ. ಅದಕ್ಕೇ ಓದಿದ ತಕ್ಷಣ 'ಎಲ್ಲ ಬಂತು' ಅನ್ನಿಸುವುದು, ಎಫ್‌ಎ ಅನ್ನುವ ಶಾಲೆಯ ಕಿರುಪರೀಕ್ಷೆ ದಿನ ಕೈ ಕೊಡುವುದು.

ಈಗ ಅಮ್ಮನಿಗೆ ಒಂದು ಕೆಲಸ ಹೇಳಿದ್ದೀನಿ. ಅಮ್ಮ ಏಳನೇ ಕ್ಲಾಸ್ ಓದಿರೋದು. ರಾತ್ರಿ ಊಟ ಆದ ಮೇಲೆ ಪುಸ್ತಕ ಅಮ್ಮನ ಕೈಯಲ್ಲಿ, ತಮ್ಮ ನೋಡದೆ ಹೇಳಬೇಕು. ಅಮ್ಮ ಒಂದೇ ಮಾತು ಕೇಳಬೇಕು, 'ನನಗೆ ತಿಳೀಲಿಲ್ಲ, ಇನ್ನೊಂದ್ಸಲ ಹೇಳು'. ಅಮ್ಮನಿಗೆ ನಿಜವಾಗಿಯೂ ತಿಳಿಯಲ್ಲ, ಅದೇ ಲಾಭ! ವಿದ್ಯುತ್ ಪ್ರವಾಹಕ್ಕೂ ವೋಲ್ಟೇಜಿಗೂ ವ್ಯತ್ಯಾಸ ಏನು ಅಂತ ಅಮ್ಮನಿಗೆ ತಿಳಿಯುವ ಹಾಗೆ ಹೇಳಲು ಮೂರು ದಿನ ಒದ್ದಾಡಿದ. ಕೊನೆಗೆ ಪಂಪ್‌ಸೆಟ್ಟು, ಪೈಪಿನ ನೀರು ಅಂತೆಲ್ಲ ಹೇಳಿ ದಡ ಸೇರಿದ. ಪುಸ್ತಕ ಹರಿದುಹೋಗಿದ್ದರೆ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎಲ್ಲ ಪುಸ್ತಕದ ಪಿಡಿಎಫ್ ಪುಕ್ಕಟೆ ಸಿಗುತ್ತೆ, ಗೈಡಿಗೆ ದುಡ್ಡು ಹಾಕಬೇಡಿ.

ಗುತ್ತಲು ರಸ್ತೆ, ಮಂಡ್ಯ:

ನನ್ನದು ಸಣ್ಣ ಪ್ರಶ್ನೆ, ನಗಬೇಡಿ. ಮಗಳು ಎರಡನೇ ಕ್ಲಾಸ್. ಉಕ್ತಲೇಖನದಲ್ಲಿ ದಿನಾ ತಪ್ಪು. ಹಕ್ಕಿಗೆ ಅಕ್ಕಿ ಅಂತ ಬರೀತಾಳೆ, ಹಾಲಿಗೆ ಆಲು. ಮಿಸ್ಸು 'ಮನೆಯಲ್ಲಿ ಶುದ್ಧ ಕನ್ನಡ ಮಾತಾಡಿ' ಅಂದ್ರು. ಮನೆಯಲ್ಲಿ ನಾವೆಲ್ಲ 'ಆಲು ಕಾಯ್ಸು, ಅತ್ತು ರೂಪಾಯಿ ಕೊಡು' ಅನ್ನೋರೇ. ನಮ್ಮತ್ತೆಗೆ ಈ ವಯಸ್ಸಿನಲ್ಲಿ ಶುದ್ಧ ಕನ್ನಡ ಕಲಿಸೋದು ಹೆಂಗೆ?

ನಿವೃತ್ತ ಮೇಷ್ಟ್ರು, ಮಳವಳ್ಳಿ:

ನಿಮ್ಮತ್ತೆಯನ್ನು ಬಿಟ್ಟುಬಿಡಿ ತಾಯಿ, ಪುಣ್ಯ ಬರುತ್ತದೆ. ಮೂವತ್ತು ವರ್ಷ ಈ ಜಿಲ್ಲೆಯಲ್ಲಿ ಪಾಠ ಮಾಡಿದ್ದೇನೆ, 'ಹ' ಬಿಟ್ಟು ಬರೆಯದ ಮಗು ಅಪರೂಪ. ಮಗು ದಡ್ಡಿ ಅಲ್ಲ, ಕಿವಿಗೆ ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆಯುತ್ತಿದೆ. ಮನೆಯ ಮಾತು ತಪ್ಪು ಅಂತ ಅದರ ತಲೆಗೆ ತುಂಬಿದರೆ ಮಗು ಬಾಯಿ ತೆರೆಯುವುದನ್ನೇ ನಿಲ್ಲಿಸುತ್ತದೆ. ಅದು ಒಂದು ಅಕ್ಷರ ತಪ್ಪುವುದಕ್ಕಿಂತ ದೊಡ್ಡ ನಷ್ಟ.

ಒಂದು ಆಟ ಹೇಳುತ್ತೇನೆ. ತೆಳ್ಳನೆ ಕಾಗದದ ಚೂರು ಬಾಯಿ ಮುಂದೆ ಹಿಡಿಯಿರಿ. ಹಕ್ಕಿ ಅಂದರೆ ಕಾಗದ ಅಲ್ಲಾಡಬೇಕು, ಅಕ್ಕಿ ಅಂದರೆ ಅಲ್ಲಾಡಬಾರದು. ಹಾರು, ಆರು. ಹತ್ತು, ಅತ್ತು. ಹಳೆ, ಅಳೆ. ನೀವು ಹೇಳಿ, ಮಗು ಕಾಗದ ನೋಡಿ ಯಾವುದು ಅಂತ ಹೇಳಲಿ. ಆಮೇಲೆ ಅದು ಹೇಳಲಿ, ನೀವು ಹುಡುಕಿ. ಮಾತಾಡಲು ನಮ್ಮ ಭಾಷೆ, ಬರೆಯಲು ಪುಸ್ತಕದ ಭಾಷೆ, ಎರಡೂ ಬೇಕು ಅಂತ ಹೇಳಿ. ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ, ಇಲಾಖೆಗೆ ತಿಳಿಯುವುದು ತಡ.

ಸರ್ಕಾರಿ ಶಾಲೆಯಾದರೆ ಎರಡನೇ ಕ್ಲಾಸ್ ಅಂದರೆ ನಲಿಕಲಿ, ಆಡುತ್ತಾ ನಲಿಯುತ್ತಾ ಕಲಿಯುವ ಪದ್ಧತಿ. ಅದು ನಮ್ಮ ಎಚ್.ಡಿ. ಕೋಟೆಯಲ್ಲೇ 1995ರಲ್ಲಿ ಹುಟ್ಟಿದ್ದು. ಅಲ್ಲಿ ಕಲಿಕಾ ಏಣಿ ಅಂತ ಇರುತ್ತದೆ, ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ನೋಡಬಹುದು. ಶಾಲೆಗೆ ಹೋದಾಗ 'ನನ್ನ ಮಗಳಿಗೆ ಎಷ್ಟು ಮಾರ್ಕ್ಸ್' ಅಂತ ಕೇಳಬೇಡಿ, 'ಯಾವ ಮೆಟ್ಟಿಲಲ್ಲಿದ್ದಾಳೆ, ಮುಂದಿನದಕ್ಕೆ ಏನು ಬೇಕು' ಅಂತ ಕೇಳಿ. ಜ್ವರ ಬಂದು ಹತ್ತು ದಿನ ಬಿಟ್ಟ ಮಗು ವಾಪಸ್ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಮನೆಯಲ್ಲಿ ಮಾತ್ರ ನಾವು ಪಕ್ಕದ ಮನೆ ಮಗುವಿನ ಮೆಟ್ಟಿಲು ನೋಡುತ್ತೇವೆ.

ಗಂಗೋತ್ರಿ ಪಕ್ಕದವಳು, ಮೈಸೂರು:

ಒಂದು ಎಚ್ಚರಿಕೆ ಮಾತು. ಎಲ್ಲ ತಪ್ಪೂ ಮಾತಿನ ರೂಢಿಯಿಂದ ಬರುವುದಲ್ಲ, ಎಲ್ಲ ಒದ್ದಾಟವೂ ಸೋಮಾರಿತನ ಅಲ್ಲ. ನನ್ನ ಮಗ ಬಾಯಲ್ಲಿ ಇಡೀ ಪಾಠ ಕತೆ ಹಾಗೆ ಹೇಳ್ತಿದ್ದ, ಓದಲು ಕೊಟ್ಟರೆ ಬೆವರುತ್ತಿದ್ದ. ಒತ್ತಕ್ಷರ ಬಿಡುತ್ತಿದ್ದ, ಬೋರ್ಡಿನಿಂದ ಬರೆದುಕೊಳ್ಳುವಾಗ ಸಾಲೇ ಹಾರಿಸುತ್ತಿದ್ದ. ಎರಡು ವರ್ಷ ಬೈದೆ. ಹೊಡೆದೂ ಇದ್ದೀನಿ. ಆಮೇಲೆ ಕಣ್ಣು ತೋರಿಸಿ, ಕಿವಿ ತೋರಿಸಿ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು, ನಾವು ಮೈಸೂರಿನವರು ಸ್ಪೀಚ್ ಅಂಡ್ ಹಿಯರಿಂಗ್ ಅಂತೀವಲ್ಲ ಅಲ್ಲಿಗೆ. ಡಿಸ್ಲೆಕ್ಸಿಯಾ, ಅಂದ್ರೆ ಓದು ಬರಹ ಕಷ್ಟವಾಗುವ ಒಂದು ಕಲಿಕಾ ನ್ಯೂನತೆ ಅಂತ ಗೊತ್ತಾಯ್ತು.

ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೊಳಗೆ ಇದೆ. ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯದಂಥ ಅನುಕೂಲ ಕೇಳಬಹುದು. ಮಗು ಇದ್ದಕ್ಕಿದ್ದಂತೆ ಒಂದು ವಾರ ಓದಲ್ಲ ಅಂದರೆ ಓಡಬೇಡಿ. ಆದರೆ ಮೂರನೇ ನಾಲ್ಕನೇ ಕ್ಲಾಸಿಗೆ ಬಂದರೂ, ಮನೆಯಲ್ಲಿ ಎಷ್ಟು ಕೂರಿಸಿದರೂ ಓದು ಹತ್ತುತ್ತಿಲ್ಲ ಅಂದರೆ ಬೈಯುವುದನ್ನು ಬಿಟ್ಟು ತೋರಿಸಿ. ಆ ಎರಡು ವರ್ಷ ನನಗೆ ವಾಪಸ್ ಸಿಗಲ್ಲ.

ನಾಲ್ಕನೇ ಕ್ಲಾಸಿನ ಅಮ್ಮ, ಕುವೆಂಪುನಗರ:

ನಿಮ್ಮ ಮಾತು ಓದಿ ಕಣ್ಣು ತುಂಬಿತು ಅಕ್ಕ. ನನ್ನ ಮಗನಿಗೆ ಓದಲು ತೊಂದರೆ ಇಲ್ಲ, ಕೂರಲು ತೊಂದರೆ. ನಾಳೆಯಿಂದ ಆಟ ಮೊದಲು, ಆಮೇಲೆ ನಲವತ್ತು ನಿಮಿಷ. ಬಂದು ಹೇಳ್ತೀನಿ.

ಎರಡು ಮಕ್ಕಳ ತಾಯಿ, ಶ್ರೀರಂಗಪಟ್ಟಣ:

ಅಷ್ಟರಲ್ಲಿ ಒಂದು ಹೊಟ್ಟೆಕಿಚ್ಚಿನ ಮಾತು. ರಾತ್ರಿ ಎಂಟೂವರೆಗೆ 'ಅಮ್ಮ ನಾಳೆ ಮೈಸೂರು ಅರಮನೆ ಮಾಡೆಲ್ ತರಬೇಕಂತೆ' ಅಂದಳು ನನ್ನ ಮಗಳು. ಥರ್ಮಾಕೋಲ್ ಅಂಗಡಿ ಎಲ್ಲಿ ತೆರೆದಿರುತ್ತೆ? ಈ ಸಲ ನಾನು ಮಾಡಲಿಲ್ಲ. ರಟ್ಟಿನ ಡಬ್ಬ, ಬೆಂಕಿಪೊಟ್ಟಣ, ಬಳೆ ಡಬ್ಬಿ ಕೊಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಗೋಪುರ ಬಾಗಿದೆ, ಬಾಗಿಲು ಮೂರೇ, ಆನೆ ಮಾತ್ರ ಅರಮನೆಗಿಂತ ದೊಡ್ಡದು. ಕ್ಲಾಸಿನಲ್ಲಿ ಉಳಿದವೆಲ್ಲ ಅಪ್ಪಂದಿರು ಮಾಡಿದ ಅರಮನೆ, ಲೈಟೂ ಉರಿಯುತ್ತಿತ್ತಂತೆ. ಇವಳಿಗೆ ಬಹುಮಾನ ಬರಲಿಲ್ಲ. ಆನೆ ಬಗ್ಗೆ ಮಾತ್ರ ಎಲ್ಲರೂ ಕೇಳಿದರಂತೆ.

ಕಬ್ಬಿನ ಗದ್ದೆ, ಪಾಂಡವಪುರ:

ಆನೆ ದೊಡ್ಡದಾಗೇ ಇರಬೇಕು. ದಸರಾಕ್ಕೆ ಜನ ಬರೋದು ಯಾರನ್ನ ನೋಡೋಕೆ ಮತ್ತೆ!

ಹಳ್ಳಿ ಕಡೆಯವರಿಗೆ ಒಂದು ಮಾತು. ಗ್ರಾಮ ಪಂಚಾಯಿತಿ ಲೈಬ್ರರಿಗೆ ಮಕ್ಕಳನ್ನು ಸೇರಿಸಿ. 2020ರಲ್ಲಿ 'ಓದುವ ಬೆಳಕು' ಅಂತ ಶುರು ಮಾಡಿದಾಗಿನಿಂದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಅರಿವು ಕೇಂದ್ರ ಅಂತ ಬೋರ್ಡ್ ಹಾಕಿರ್ತಾರೆ. ನಮ್ಮೂರಲ್ಲಿ ಎಷ್ಟೋ ಜನಕ್ಕೆ ಅದು ಯಾಕೆ ಇದೆ ಅಂತಲೇ ಗೊತ್ತಿಲ್ಲ. ಮಗಳು ವಾರಕ್ಕೊಂದು ಕತೆ ಪುಸ್ತಕ ತರ್ತಾಳೆ, ಓದಿ ನನಗೆ ಹೇಳ್ತಾಳೆ. ಗದ್ದೆಗೆ ನೀರು ಕಟ್ಟುವಾಗ ಕೇಳಿಸ್ಕೊಳ್ಳೋದೇ ನನ್ನ ಕೆಲಸ.

ನಾಲ್ಕನೇ ಕ್ಲಾಸಿನ ಅಮ್ಮ, ಕುವೆಂಪುನಗರ:

ಮೂರು ವಾರ ಆಯ್ತು, ಬಂದು ಹೇಳ್ತೀನಿ ಅಂದಿದ್ದೆ.

ಮೊದಲ ನಾಲ್ಕು ದಿನ ಘೋರ. ನಲವತ್ತು ನಿಮಿಷ ಆದ ತಕ್ಷಣ ಪುಸ್ತಕ ಮುಚ್ಚು ಅಂದೆ. ಅವನಿಗೆ ನಂಬಿಕೆಯೇ ಬರಲಿಲ್ಲ, 'ಅಮ್ಮ ಇನ್ನೂ ಮೂರು ಇದೆ' ಅಂದ. ಇರಲಿ ಅಂದೆ, ಡೈರಿಯಲ್ಲಿ ಮೇಷ್ಟ್ರು ಹೇಳಿದ ಹಾಗೇ ಬರೆದೆ. ಬರೆಯುವಾಗ ಕೈ ನಡುಗಿತು. ಲೆಕ್ಕದ ಮಿಸ್ಸು ಮೂರನೇ ದಿನ 'ನೋಟೆಡ್, ಇನ್ನೊಮ್ಮೆ ಹೇಳಿಕೊಟ್ಟಿದ್ದೇನೆ' ಅಂತ ಬರೆದು ಕಳಿಸಿದರು. ಇವಿಎಸ್ ಮಿಸ್ಸು ಮಾತ್ರ ಕೆಂಪು ಇಂಕೇ. ಸ್ಟಾರ್ ಬರದ ದಿನ ಇವನು ಅತ್ತ. ನಾನು ಬರೆದುಕೊಟ್ಟಿದ್ದರೆ ಬರುತ್ತಿತ್ತಲ್ಲ ಅಂತ ನನಗೂ ಹೊಟ್ಟೆ ಉರಿಯಿತು. ಬರೆದುಕೊಡಲಿಲ್ಲ.

ಆದರೆ ನಾನು ಹೇಳಲು ಬಂದದ್ದು ಅತ್ತೆ ವಿಷಯ. ಶನಿವಾರ ದೋಸೆಗೆ ನೆನೆಹಾಕುತ್ತಿದ್ದರು. ಊರಿಂದ ತಂದ ಹಳೇ ಪಾವು ಇದೆ ಅವರ ಹತ್ತಿರ, ಹಿತ್ತಾಳೆದು, ಲೋಟದಲ್ಲಿ ಅಳ್ಯೋದೇ ಇಲ್ಲ ಅವರು. ಮೂರು ಪಾವು ಅಕ್ಕಿ, ಒಂದು ಪಾವು ಉದ್ದು. ಇವನಿಗೆ ಆ ವಾರ ಫ್ರಾಕ್ಷನ್ಸ್. ಪುಸ್ತಕದಲ್ಲಿ ಪಿಜ್ಜಾ ಚಿತ್ರ ನೋಡಿ ನೋಡಿ ತಲೆಗೆ ಹೋಗಿರಲಿಲ್ಲ. 'ಅಜ್ಜಿ ಪಾವು ಅಂದ್ರೆ ಏನು' ಅಂದ. 'ಕಾಲು ಸೇರು ಕಣೋ. ಎರಡು ಪಾವಾದ್ರೆ ಅಚ್ಚೇರು, ಅರ್ಧ ಸೇರು. ನಾಲ್ಕಾದ್ರೆ ಸೇರು' ಅಂದ್ರು. ಇವನು ಸ್ವಲ್ಪ ಹೊತ್ತು ಪಾತ್ರೆ ನೋಡಿದ. ಆಮೇಲೆ ಕೂಗಿದ, 'ಅಮ್ಮಾ, ಥ್ರೀ ಬೈ ಫೋರ್ ಅಕ್ಕಿ, ಒನ್ ಬೈ ಫೋರ್ ಉದ್ದು, ಒಟ್ಟು ಒಂದು ಸೇರು!'

ಅತ್ತೆಗೆ ಬೈ ಗೀ ಏನೂ ಗೊತ್ತಿಲ್ಲ. 'ಅದೇನು ಬೈಯ್ಯೋದು ಅಕ್ಕಿಗೆ, ಮುಕ್ಕಾಲು ಅನ್ನು' ಅಂದ್ರು. ಅಲ್ಲಿಂದ ಇಬ್ಬರೂ ಶುರು. ಅರ್ಧ ಪಾವು ಅಂದ್ರೆ ಸೇರಿನಲ್ಲಿ ಎಷ್ಟು, ಕಾಲು ಪಾವು ಅಂದ್ರೆ ಎಷ್ಟು. ಕಾಲಿನ ಕಾಲು ವೀಸ ಅಂತೆ, ಹದಿನಾರರಲ್ಲಿ ಒಂದು ಪಾಲು. ಅವರಪ್ಪ, ಅಂದ್ರೆ ನಮ್ಮ ಅತ್ತೆಯ ಅಪ್ಪ, ಕಾಲು ಮಗ್ಗಿ ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸಿದ್ದರಂತೆ, ಎರಡು ಮೂರು ಸಾಲು ಹೇಳಿಯೂ ತೋರಿಸಿದರು. ಹನ್ನೊಂದು ವರ್ಷ ಆಯ್ತು ನಾನು ಈ ಮನೆಗೆ ಬಂದು, ಇದು ಗೊತ್ತಿರಲಿಲ್ಲ. ಅವರಿಗೆ ಅವನ ಪುಸ್ತಕದ ಇಂಗ್ಲಿಷ್ ಒಂದಕ್ಷರ ಬರಲ್ಲ ಅಂತ ನಾನು ಅವರನ್ನು ಹೋಂವರ್ಕಿನ ಹತ್ತಿರ ಬಿಟ್ಟುಕೊಂಡೇ ಇರಲಿಲ್ಲ.

ಬೋಗಾದಿ ಅಪ್ಪ:

ಮೇಡಂ, ಅಜ್ಜಿ ಟ್ಯೂಷನ್ ತಗೋತಾರಾ? 28ನೇ ಸೆಕ್ಷನ್ ಅವರಿಗೆ ಬರಲ್ಲ ಅನ್ಕೋತೀನಿ.

ನಿವೃತ್ತ ಮೇಷ್ಟ್ರು, ಮಳವಳ್ಳಿ:

ಆ ಮುಕ್ಕಾಲು ಮಗ್ಗಿಯನ್ನು ಅಜ್ಜಿಯ ಬಾಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನನಗೂ ಪೂರ್ತಿ ಬರುವುದಿಲ್ಲ ಈಗ.

ಲೆಕ್ಕದ ಭಯ, ಸರಸ್ವತಿಪುರಂ:

ಟ್ಯೂಷನ್ ಕತೆ ಏನಾಯ್ತು? ಮತ್ತೆ ಜಗಳ ಪೂರ್ತಿ ನಿಂತಿತಾ?

ನಾಲ್ಕನೇ ಕ್ಲಾಸಿನ ಅಮ್ಮ, ಕುವೆಂಪುನಗರ:

ಟ್ಯೂಷನ್‌ಗೆ ಸದ್ಯಕ್ಕೆ ಹಾಕಿಲ್ಲ. ಜಗಳ ಎಲ್ಲಿ ನಿಲ್ಲುತ್ತೆ! ಒಂಬತ್ತೂವರೆವರೆಗೆ ಎಳೆಯುತ್ತಿದ್ದದ್ದು ಈಗ ಏಳೂವರೆಗೆ ಮುಗಿಯುತ್ತೆ, ಅಷ್ಟೇ. ಇವತ್ತು ಮತ್ತೆ ರಬ್ಬರ್ ಮಂಚದ ಕೆಳಗೆ ಹೋಗಿದೆ. ಇವನೂ ಹೋಗಿದ್ದಾನೆ. ಹತ್ತು ನಿಮಿಷ ಆಯ್ತು, ನಾನಿನ್ನೂ ಕರೆದಿಲ್ಲ.